ಸಹಿ ತಾಳೆಯಾಗುತ್ತಿಲ್ಲ: ಒಂದು ಸಲಹಾ ಗುಂಪಿನಲ್ಲಿ ಹನ್ನೊಂದು ತಿಂಗಳು

ಕಳೆದ ವಾರ ಎರಡು ಸಂಗತಿ ನಡೆದವು. ಸೋಮವಾರ ನನ್ನ ಖಾತೆಗೆ 4,000 ರೂಪಾಯಿ ಜಮೆಯಾಯಿತು. ಅದು ಒಂದು ವೈದ್ಯಕೀಯ ಸಂಶೋಧನೆಯ ಸಲಹಾ ಗುಂಪಿನಲ್ಲಿ ಕುಳಿತದ್ದಕ್ಕೆ ನಾಲ್ಕು ಸಭೆಗಳ ಗೌರವಧನ. ಮೊದಲ ಸಭೆ ಮುಗಿದು ಆಗಲೇ ಎಂಟು ತಿಂಗಳಾಗಿತ್ತು. ಮೊಬೈಲಿಗೆ ಸಂದೇಶ ಬಂದದ್ದನ್ನು ನೋಡಿ ನಮ್ಮ ಯಜಮಾನರು, "ಇವತ್ತಿನ ಬೆಣ್ಣೆ ದೋಸೆ ನಿನ್ನ ಲೆಕ್ಕ" ಎಂದರು. ಗುರುವಾರ ನಡೆದದ್ದನ್ನು ಕೊನೆಗೆ ಹೇಳುತ್ತೇನೆ. ಪಾರ್ಕಿನ್ಸನ್, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆ ಇರುವ ಮನೆಗಳಿಗೆ "ನಮ್ಮ ಸಂಶೋಧನೆಗೆ ಸಲಹೆ ಕೊಡಿ ಬನ್ನಿ" ಎಂಬ ಕರೆ ಬರಬಹುದು. ಬಂದಾಗ ನಾನು ತಲೆಬುಡ ತಿಳಿಯದೆ ಒದ್ದಾಡಿದ ಹಾಗೆ ನೀವು ಒದ್ದಾಡುವುದು ಬೇಡವೆಂದು ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿ ಮೊಬೈಲಿನಿಂದ ಬರೆಸಲು ನೋಡಿದೆ, ನನ್ನ ಈಗಿನ ದನಿ ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಮಾತ್ರೆ ಕೆಲಸ ಮಾಡುವ ಹೊತ್ತು ನೋಡಿಕೊಂಡು ಒಂದೇ ಬೆರಳಿನಲ್ಲಿ ಕುಟ್ಟಿದ್ದು ಇದು.

ನಾನು ದಾವಣಗೆರೆಯವಳು, ಮನೆ ನಿಟುವಳ್ಳಿಯಲ್ಲಿ. ಪ್ರೌಢಶಾಲೆಯಲ್ಲಿ 29 ವರ್ಷ ಕನ್ನಡ ಪಾಠ ಮಾಡಿದೆ. ಪಾರ್ಕಿನ್ಸನ್ ಬಂದು ಆರು ವರ್ಷವಾಯಿತು. ಎಲ್ಲರಿಗೂ ಕೈ ನಡುಗಿ ಗೊತ್ತಾಗುತ್ತದಂತೆ. ನನಗೆ ಗೊತ್ತಾದದ್ದು ಅಂಕಗಳ ವಹಿಯಿಂದ. ಹೆಸರು ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗುತ್ತ ಸಣ್ಣದಾಗುತ್ತ, ಸಾಲಿನ ಕೊನೆಗೆ ಒತ್ತಕ್ಷರವೂ ಕಾಣದಂತೆ ಕುಗ್ಗಿಹೋಗುತ್ತಿತ್ತು. ಮುಖ್ಯೋಪಾಧ್ಯಾಯರು ಕರೆದು, "ಮೇಡಂ, ಇದು ಬರವಣಿಗೆಯೋ ಇರುವೆ ಸಾಲೋ?" ಎಂದಿದ್ದರು. ನಗಲೆಂದೇ ಹೇಳಿದ್ದು. ನಾನೂ ನಕ್ಕಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಮಾಮೂಲಿ ತಪಾಸಣೆಗೆ ಹೋದಾಗ ನರರೋಗ ತಜ್ಞರು ಔಷಧಿ ಬರೆದು ಮುಗಿಸಿ, "ಟೀಚರ್, ಒಂದು ಸಂಶೋಧನೆಗೆ ನಿಮ್ಮ ಸಹಾಯ ಬೇಕಿತ್ತು" ಎಂದರು. ನಮ್ಮ ಯಜಮಾನರು ತಟ್ಟನೆ, "ಬೇಡ ಸರ್, ಈಗಿರುವ ಮಾತ್ರೆಯೇ ಸಾಕು. ಹೊಸದನ್ನು ಇವಳ ಮೇಲೆ ಪ್ರಯೋಗ ಮಾಡುವುದು ಬೇಡ" ಎಂದುಬಿಟ್ಟರು. ಪ್ರಯೋಗಕ್ಕಲ್ಲ, ಪ್ರಯೋಗ ಹೇಗಿರಬೇಕು ಎಂದು ಹೇಳುವುದಕ್ಕೆ ಎಂದು ವೈದ್ಯರು ಬಿಡಿಸಿ ಹೇಳಿದರು. ನಡೆಯುತ್ತಿದ್ದಂತೆ ಕಾಲು ನೆಲದಲ್ಲಿ ಹೂತುಕೊಂಡ ಹಾಗಾಗುವ ತೊಂದರೆ ನಮ್ಮಲ್ಲಿ ಅನೇಕರಿಗಿದೆ. ಅಂಥ ಹೊತ್ತಿನಲ್ಲಿ ಮೊಬೈಲಿನಿಂದ ತಾಳ ಕೇಳಿಸಿ, ಆ ತಾಳಕ್ಕೆ ಹೆಜ್ಜೆ ಎತ್ತಿಸುವುದು ಅವರ ಯೋಜನೆ. ಸೊಂಟದ ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಉಪಕರಣ ಇರುತ್ತದೆ, ಹೆಜ್ಜೆ ನಿಂತದ್ದನ್ನು ಅದು ಗುರುತಿಸುತ್ತದೆ. ಅಧ್ಯಯನದಲ್ಲಿ ಅರ್ಧ ಜನಕ್ಕೆ ಇದು, ಇನ್ನರ್ಧ ಜನಕ್ಕೆ ಮಾಮೂಲಿ ನಡಿಗೆಯ ವ್ಯಾಯಾಮ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತ ಹೋದಂತೆ, ಯೋಚಿಸದೆ ತಾನಾಗಿ ಸಾಗಬೇಕಾದ ನಡಿಗೆ ಕೆಡುತ್ತದೆ. ಹೊರಗಿನಿಂದ ಒಂದು ತಾಳವೋ ಗೆರೆಯೋ ಸಿಕ್ಕರೆ ಮಿದುಳು ಬೇರೆ ದಾರಿ ಹಿಡಿದು ಕಾಲನ್ನು ಎತ್ತಿಸುತ್ತದೆ. ಇದು ಹಳೆಯ ತಿಳಿವಳಿಕೆಯೇ. ಮೊಬೈಲು, ಪಟ್ಟಿ ಮಾತ್ರ ಹೊಸದು.

ಇಲ್ಲಿ ಒಂದು ಮಾತು. ಕರೆ ಬಂದ ದಿನವೇ "ನಾನು ಭಾಗವಹಿಸುವವಳೋ, ಸಲಹೆಗಾರಳೋ?" ಎಂದು ಕೇಳಿ. ಭಾಗವಹಿಸುವವರ ಮೈಯ ಅಳತೆ ತೆಗೆಯುತ್ತಾರೆ, ಅವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಲಹೆಗಾರರು ಏನನ್ನು ಅಳೆಯಬೇಕು, ಹೇಗೆ ಕೇಳಬೇಕು ಎಂಬುದನ್ನು ಸಂಶೋಧಕರ ಜೊತೆ ಕುಳಿತು ತೀರ್ಮಾನಿಸುತ್ತಾರೆ. ನಮ್ಮ ಅಧ್ಯಯನದಲ್ಲಿ ಎರಡೂ ಆಗುವಂತಿಲ್ಲ ಎಂದರು. ಮನೆಗೆ ಬಂದ ಮೇಲೆ ನನಗೆ ಅದೇ ಕೊರೆಯಿತು. ಆ ಪಟ್ಟಿಯಿಂದ ನಿಜಕ್ಕೂ ಉಪಯೋಗವಿದ್ದರೆ ಅದು ನನಗೆ ಸಿಗುವುದಿಲ್ಲವಲ್ಲ! ಎರಡು ದಿನ ತೂಗಿ ನೋಡಿ ಆಮೇಲೆ ಹೂಂ ಎಂದೆ. ಒಪ್ಪಿದ್ದಕ್ಕೆ ದೊಡ್ಡ ಕಾರಣವೇನಿಲ್ಲ, ಕೆಲಸ ಬಿಟ್ಟ ಮೇಲೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಆಮೇಲೆ ಕಾಗದಪತ್ರಗಳ ಕಥೆ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ರದ್ದು ಮಾಡಿದ ಒಂದು ಚೆಕ್, ಎರಡು ಭಾವಚಿತ್ರ. ಸಭೆಯ ಮಾತು ಹೊರಗೆ ಹೇಳುವುದಿಲ್ಲವೆಂಬ ಗೌಪ್ಯತಾ ಪತ್ರ ನಾಲ್ಕು ಪುಟ, ಪೂರಾ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಕೊಡದ ಹೊರತು ಸಹಿ ಇಲ್ಲವೆಂದೆ, ಬರಲು ಮೂರು ವಾರವಾಯಿತು. ಇವೆಲ್ಲಕ್ಕೂ ಮೇಲೆ ಸರಬರಾಜುದಾರರ ನೋಂದಣಿ ಎಂಬ ಒಂದು ನಮೂನೆ. ಸಂಶೋಧನೆ ನಡೆಸುವ ಸಂಸ್ಥೆಯಿಂದ ದುಡ್ಡು ಪಡೆಯುವವರೆಲ್ಲ ಲೆಕ್ಕಪತ್ರದ ಕಣ್ಣಿಗೆ ಸರಬರಾಜುದಾರರಂತೆ. ಜಿಎಸ್‌ಟಿ ಸಂಖ್ಯೆ, ಅಂಗಡಿಯ ಹೆಸರು, ಪೂರೈಸುವ ಸರಕು ಎಂಬ ಅಂಕಣಗಳಿದ್ದವು. ಸರಕಿನ ಮುಂದೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ಯಜಮಾನರು, "ತಕರಾರು ಅಂತ ಬರೆ" ಎಂದರು. ಅಡ್ಡಗೆರೆ ಎಳೆದು ಕಳಿಸಿದೆ.

ಹದಿನೈದು ದಿನಕ್ಕೆ ಅದು ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ "ಸಹಿ ತಾಳೆಯಾಗುತ್ತಿಲ್ಲ" ಎಂದು ಬರೆದಿತ್ತು. ಪ್ಯಾನ್ ಕಾರ್ಡಿನಲ್ಲಿರುವುದು ಹತ್ತೊಂಬತ್ತು ವರ್ಷದ ಹಿಂದಿನ ನನ್ನ ಸಹಿ. ಮೊದಲ ಅಕ್ಷರದ ಸುಳಿ ದೊಡ್ಡದು, ಕೊನೆಗೊಂದು ಉದ್ದನೆಯ ಬಾಲ. ಈಗಿನದು ಅಕ್ಕಿಕಾಳಿನಷ್ಟು. ಮತ್ತೆ ಹಾಕಿ ಕಳಿಸಿದೆ, ಮತ್ತೆ ವಾಪಸು ಬಂತು. ಮೂರನೆಯ ಸಲ ಹಳೆಯ ಸಹಿಯನ್ನು ನೋಡಿಕೊಂಡು, ಮಕ್ಕಳು ಕಾಪಿ ಬರೆಯುವ ಹಾಗೆ, ನನ್ನ ಸಹಿಯನ್ನು ನಾನೇ ನಕಲು ಮಾಡಲು ಕುಳಿತೆ. ಸುಳಿ ಬಂತು, ಬಾಲದ ಹೊತ್ತಿಗೆ ಪೆನ್ನು ನಿಂತುಹೋಯಿತು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಬ್ಯಾಂಕಿನಲ್ಲಿ ಸಹಿಯ ಮಾದರಿ ಬದಲಿಸಿ, ವ್ಯವಸ್ಥಾಪಕರಿಂದ ದೃಢೀಕರಿಸಿದ ಪತ್ರ ತಂದರೆ ಆಗುತ್ತದೆ ಎಂದು ಕೊನೆಗೆ ಯಾರೋ ಹೇಳಿದರು. ಹೋದೆವು. ಕೌಂಟರಿನ ಹುಡುಗ ಒಳ್ಳೆಯವನೇ, ನನ್ನ ಕೈ ನೋಡಿ ಕನಿಕರದಿಂದ ಇಂಕಿನ ಪ್ಯಾಡು ಮುಂದಕ್ಕೆ ಸರಿಸಿ, "ಅಮ್ಮಾ, ಯಾಕೆ ಕಷ್ಟಪಡುತ್ತೀರಿ, ಹೆಬ್ಬೆಟ್ಟು ಒತ್ತಿಬಿಡಿ" ಎಂದ. ಅವನ ತಪ್ಪೇನಿಲ್ಲ. ಸಹಿ ಮಾಡಲಾಗದ ವೃದ್ಧರು, ರೋಗಿಗಳು ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ಹೆಬ್ಬೆಟ್ಟು ಒತ್ತಿ ಖಾತೆ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ ಸೌಲಭ್ಯ ಕೊಟ್ಟಿದೆ. ನಿಮಗೆ ಬೇಕಾದರೆ ಖಂಡಿತ ಬಳಸಿಕೊಳ್ಳಿ, ಅದರಲ್ಲಿ ಅವಮಾನವಿಲ್ಲ. ಆದರೆ ನನಗೆ ಆಗಲಿಲ್ಲ. ಬೇಸಿಗೆ ರಜೆಯಲ್ಲಿ ಸಾಕ್ಷರತಾ ಆಂದೋಲನಕ್ಕೆಂದು ಹೋಗಿ ರಾತ್ರಿ ಶಾಲೆಯಲ್ಲಿ ಹೆಂಗಸರ ಕೈ ಹಿಡಿದು ಅ ಆ ತಿದ್ದಿಸಿದವಳು ನಾನು. "ಇನ್ನು ಮೇಲೆ ಹೆಬ್ಬೆಟ್ಟಲ್ಲ ನಾವು" ಎಂದು ಅವರು ನಕ್ಕದ್ದು ಕಣ್ಣಿಗೆ ಬಂತು. "ನಾಳೆ ಬೆಳಿಗ್ಗೆ ಬರುತ್ತೇನೆ" ಎಂದು ಎದ್ದೆ. ಮರುದಿನ ಮಾತ್ರೆ ನುಂಗಿ, ಮುಕ್ಕಾಲು ಗಂಟೆ ಬಿಟ್ಟು, ಸರಿಯಾಗಿ ಕೈ ಮಾತು ಕೇಳುವ ಹೊತ್ತಿಗೆ ಬ್ಯಾಂಕಿನಲ್ಲಿದ್ದೆ. ಮೂರು ಸಹಿ ಹಾಕಿದೆ. ಮೂರೂ ಸಣ್ಣವು, ಮೂರೂ ಒಂದೇ ಥರ. ಅದನ್ನೇ ಹೊಸ ಮಾದರಿ ಎಂದು ತೆಗೆದುಕೊಂಡರು. ಜೊತೆಗೆ "ಕಾಯಿಲೆಯಿಂದ ಕೈಬರಹ ಬದಲಾಗಿದೆ" ಎಂದು ವೈದ್ಯರ ಎರಡು ಸಾಲಿನ ಪತ್ರವಿದ್ದರೆ ಕೆಲಸ ಸುಲಭ. ಅದರ ನಾಲ್ಕು ಪ್ರತಿ ಮಾಡಿಸಿ ಚೀಲದಲ್ಲಿ ಇಟ್ಟುಕೊಳ್ಳಿ, ಬೇರೆ ಕಡೆಯೂ ಬೇಕಾಗುತ್ತದೆ.

ಮೊದಲ ಸಭೆ ದೀಪಾವಳಿ ಮುಗಿದ ಮೇಲೆ ನಡೆಯಿತು. ಮಧ್ಯಾಹ್ನ ಎರಡೂವರೆಗೆ, ಎರಡನೆಯ ಮಹಡಿಯಲ್ಲಿ. ಲಿಫ್ಟು ಅಂದು ಕೆಟ್ಟಿತ್ತು. ನಾವು ಆರು ಜನ: ಹರಿಹರದ ನಿವೃತ್ತ ಕಾರ್ಖಾನೆ ಕಾರ್ಮಿಕರು ಒಬ್ಬರು, ಚನ್ನಗಿರಿ ಕಡೆಯ ಅಡಿಕೆ ತೋಟದವರು ಮತ್ತು ಅವರ ಹೆಂಡತಿ, ತಂದೆಯ ಪರವಾಗಿ ಬಂದ ಜಗಳೂರಿನ ಹುಡುಗ, ನಾನು, ನಮ್ಮ ಯಜಮಾನರು. ಮೆಟ್ಟಿಲು ಹತ್ತಿ ಬಂದ ಹರಿಹರದವರು ಕುರ್ಚಿಯ ಮುಂದೆ ನಿಂತು, ಕೂರಲೆಂದು ತಿರುಗಲಾಗದೆ, ಒಂದು ನಿಮಿಷ ಹಾಗೆಯೇ ಇದ್ದರು. ಅವರದ್ದು ನನಗಿಂತ ಏಳು ವರ್ಷ ಹಳೆಯ ಕಾಯಿಲೆ. ಇದನ್ನು ಯಾರೂ ನಿಮಗೆ ಮುಂಚೆ ಹೇಳುವುದಿಲ್ಲ, ನಾನು ಹೇಳುತ್ತೇನೆ: ಇಂಥ ಗುಂಪಿನಲ್ಲಿ ಕುಳಿತರೆ ನಿಮ್ಮ ಮುಂದಿನ ದಿನಗಳು ಎದುರಿನ ಕುರ್ಚಿಯಲ್ಲಿ ಕುಳಿತಿರುತ್ತವೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚಹಾ ಬಂತು, ಅಂಚಿನವರೆಗೆ ತುಂಬಿದ ಕಪ್ಪುಗಳಲ್ಲಿ. ನಾವು ಯಾರೂ ಮುಟ್ಟಲಿಲ್ಲ. ಜೊತೆಗೆ ಕಾಗದದ ತಟ್ಟೆಯಲ್ಲಿ ಖಾರ ಮಂಡಕ್ಕಿ. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಸಭೆಯೇ ಇಲ್ಲ, ಸರಿ, ಆದರೆ ನಡುಗುವ ಕೈಗೆ ಮಂಡಕ್ಕಿ! ತೋಟದವರು ಧೈರ್ಯ ಮಾಡಿ ಒಂದು ಹಿಡಿ ಎತ್ತಿದರು. ಅರ್ಧ ಬಾಯಿಗೆ ಹೋಯಿತು, ಅರ್ಧ ಮೇಜು, ಪ್ರಶ್ನಾವಳಿ, ಯುವ ವೈದ್ಯರೊಬ್ಬರ ಬಿಳಿ ಅಂಗಿ ಎಲ್ಲದರ ಮೇಲೂ ಮಳೆಯಾಯಿತು. ಮೊದಲು ಅವರ ಹೆಂಡತಿ ನಕ್ಕರು, ಆಮೇಲೆ ಎಲ್ಲರೂ. ಅಲ್ಲಿಂದ ಮಾತು ಸಲೀಸಾಯಿತು. ಎರಡನೆಯ ಸಭೆಯಿಂದ ಅರ್ಧ ಲೋಟ ಚಹಾ, ಉದ್ದಿನ ವಡೆ.

ಹಿರಿಯ ವೈದ್ಯರು ಅಂದು ಒಂದು ಸಂಗತಿ ಹೇಳಿದರು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಪ್ರಬಂಧ ಬರೆದಾಗ ಅವರ ಮುಂದೆ ಇದ್ದದ್ದು ಆರೇ ರೋಗಿಗಳ ವಿವರ. ಅವರಲ್ಲಿ ಇಬ್ಬರು ಬೀದಿಯಲ್ಲಿ ಸಿಕ್ಕವರು, ಇನ್ನೊಬ್ಬರನ್ನು ಬರೀ ದೂರದಿಂದ ನೋಡಿದ್ದು. "ಇನ್ನೂರು ವರ್ಷದ ಮೇಲಾಯಿತು, ನಾವು ಈಗಲೂ ನಿಮ್ಮನ್ನು ದೂರದಿಂದಲೇ ನೋಡುತ್ತಿದ್ದೇವೆ" ಎಂದರು ಅವರು. ಬ್ರಿಟನ್ನಿನಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳುವವರು, ವೈದ್ಯರು ಒಟ್ಟಿಗೆ ಕುಳಿತು ಮೊದಲು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂದು ಪಟ್ಟಿ ಮಾಡಿದರಂತೆ. ಅದು 2014ರಲ್ಲಿ ಪ್ರಕಟವಾಯಿತು. ಮೊದಲನೆಯ ಸ್ಥಾನದಲ್ಲಿ ಇದ್ದದ್ದು ಸಮತೋಲ ತಪ್ಪಿ ಬೀಳುವುದು, ಎರಡನೆಯದು ಆತಂಕ. ನಡುಕ ಅಷ್ಟು ಮೇಲೆ ಇರಲಿಲ್ಲ. ನಮ್ಮನ್ನೂ ಹಾಗೆಯೇ ಕೇಳಿದರು. ಹರಿಹರದವರು "ಬೀಳುವ ಹೆದರಿಕೆ" ಎಂದರು. ತೋಟದವರು "ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು" ಎಂದರು. ಅವರ ಹೆಂಡತಿ, "ಅವರು ಮಗ್ಗುಲು ಬದಲಿಸುವಾಗೆಲ್ಲ ನಾನು ಏಳಬೇಕು. ನನ್ನ ನಿದ್ದೆಯನ್ನೂ ಬರೆದುಕೊಳ್ಳಿ" ಎಂದರು. ಬರೆದುಕೊಂಡರು.

ನನ್ನ ಸರದಿ ಬರುವ ಹೊತ್ತಿಗೆ ಮೂರೂಕಾಲು. ಮಧ್ಯಾಹ್ನದ ಮಾತ್ರೆಯ ಬಲ ಇಳಿದಿತ್ತು. ನಾವು ನುಂಗುವ ಲೆವೊಡೋಪ ಕೆಲವು ಗಂಟೆ ಹಿಡಿದು ಆಮೇಲೆ ಬಿಡುತ್ತದೆ. ಬಿಟ್ಟಾಗ ನನ್ನ ಮುಖ ಬಿಗಿಯುತ್ತದೆ, ದನಿ ತಗ್ಗುತ್ತದೆ. ಒಳಗೆ ಹತ್ತು ಮಾತಿದ್ದರೂ ಹೊರಗೆ ಗೋಡೆಯಂತೆ ಕಾಣುತ್ತೇನೆ. ಸಂಶೋಧಕರಲ್ಲಿ ಒಬ್ಬರು ನನ್ನ ಕಡೆ ನೋಡಿ, ಮೌನವನ್ನು ಒಪ್ಪಿಗೆ ಎಂದುಕೊಂಡು, ಯಜಮಾನರ ಕಡೆ ತಿರುಗಿ, "ಮೇಡಂ ಅವರಿಗೂ ಇದೇ ಅಭಿಪ್ರಾಯ ಅಲ್ಲವೇ ಸರ್?" ಎಂದರು. ಯಜಮಾನರು ಹೌದು ಎಂದರು! ಮನೆಗೆ ಬಂದು ಅವರ ಜೊತೆ ಜಗಳವಾಡಿದೆ, ಏಳು ಗಂಟೆಯ ಮಾತ್ರೆ ಹತ್ತಿದ ಮೇಲೆ.

ಮರುದಿನವೇ ಅಧ್ಯಯನದ ಕೆಲಸಗಳನ್ನು ನೋಡಿಕೊಳ್ಳುವ ಸಂಯೋಜಕಿಗೆ ಒಂದು ಪತ್ರ ಬರೆದೆ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇರಲಿ, ನೆಲಮಹಡಿಯಲ್ಲಿ ಇರಲಿ, ಒಂದೂವರೆ ಗಂಟೆ ಮೀರದಿರಲಿ, ಪ್ರಶ್ನೆಗಳನ್ನು ಎರಡು ದಿನ ಮುಂಚೆ ಮನೆಗೆ ಕಳಿಸಲಿ, ರೋಗಿಯನ್ನೇ ಕೇಳಲಿ, ಉತ್ತರಕ್ಕೆ ಅರ್ಧ ನಿಮಿಷ ಕಾಯಲಿ. ಪಾರ್ಕಿನ್ಸನ್ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು ಎಂದೂ ಒಂದು ಸಾಲು ಸೇರಿಸಿದೆ. ಆ ಸಾಲು ಬೇಕಿರಲಿಲ್ಲವೇನೋ. ಆಕೆ ಸಣ್ಣ ಹುಡುಗಿ, ಫೋನು ಮಾಡಿ, "ಮೇಡಂ, ನಮಗೆ ಇದು ಹೊಳೆದೇ ಇರಲಿಲ್ಲ" ಎಂದಳು. ಎಲ್ಲವನ್ನೂ ಬದಲಿಸಿದರು. ಒಂದನ್ನು ಬಿಟ್ಟು: ಉತ್ತರಕ್ಕೆ ಅರ್ಧ ನಿಮಿಷ ಕಾಯುವುದು ಯಾರಿಗೂ ಬರುವುದಿಲ್ಲ.

ಎರಡನೆಯ ಸಭೆ ಪ್ರಶ್ನಾವಳಿಗೆ ಮೀಸಲು. ಬೇರೆ ದೇಶದ ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿದ್ದರು. "ಆಹಾರವನ್ನು ಕತ್ತರಿಸಲು ನಿಮಗೆ ಕಷ್ಟವಾಗುತ್ತದೆಯೇ?" ಎಂದಿತ್ತು. ತಟ್ಟೆಯಲ್ಲಿ ನಾವು ಯಾವ ಆಹಾರವನ್ನು ಕತ್ತರಿಸುತ್ತೇವೆ? ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಆಗುತ್ತದೆಯೇ, ಅನ್ನಕ್ಕೆ ಸಾರು ಕಲೆಸಲು ಆಗುತ್ತದೆಯೇ ಎಂದು ಕೇಳಿ ಎಂದೆವು. "ಅಂಗಿಯ ಗುಂಡಿ ಹಾಕಿಕೊಳ್ಳುತ್ತೀರಾ?" ಎಂಬುದು ಗಂಡಸರಿಗೆ ಸರಿ. ಸೀರೆಯ ನೆರಿಗೆ ಹಿಡಿಯುವುದು ಎಷ್ಟು ದೊಡ್ಡ ಕೆಲಸವೆಂದು ಆ ಕೋಣೆಯಲ್ಲಿ ನನಗೆ ಮತ್ತು ತೋಟದವರ ಹೆಂಡತಿಗೆ ಬಿಟ್ಟರೆ ಗೊತ್ತಿರಲಿಲ್ಲ. ಐದನೆಯ ನೆರಿಗೆಗೆ ಹೋಗುವಷ್ಟರಲ್ಲಿ ಮೊದಲನೆಯದು ಬೆರಳಿನಿಂದ ಜಾರಿರುತ್ತದೆ. ನಾನು ನೈಟಿಗೆ ಬಂದು ನಿಂತದ್ದು ಹಾಗೆ. ಅದನ್ನು ಅಷ್ಟು ಗಂಡಸರ ಮುಂದೆ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಒಪ್ಪಿಗೆ ಪತ್ರದ ಕನ್ನಡವಂತೂ ನನ್ನ ತಲೆ ತಿಂದಿತು. "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು", "ಪ್ರತಿಕೂಲ ಘಟನೆಗಳು", "ಸಂವೇದಕ", "ನಿಯಂತ್ರಣ ಗುಂಪು". ಕನ್ನಡ ಪಾಠ ಮಾಡಿದ ನಾನೇ ಯಾದೃಚ್ಛಿಕದ ಮುಂದೆ ಎಡವಿದೆ. ಜಗಳೂರಿನ ಹುಡುಗ, "ನಿಯಂತ್ರಣ ಗುಂಪು ಎಂದರೆ ನಮ್ಮ ಅಪ್ಪನನ್ನು ಕಟ್ಟಿಹಾಕುತ್ತೀರಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ನಾನು ಕೆಂಪು ಪೆನ್ನು ಹಿಡಿದು ಕುಳಿತೆ, ಬಹಳ ವರ್ಷದ ಮೇಲೆ. ಪ್ರತಿಕೂಲ ಘಟನೆ ಹೋಗಿ "ಇದರಿಂದ ನಿಮಗೆ ತೊಂದರೆಯಾದರೆ" ಬಂತು. ನಿಯಂತ್ರಣ ಗುಂಪು "ಮಾಮೂಲಿ ವ್ಯಾಯಾಮದ ಗುಂಪು" ಆಯಿತು. ಯಾದೃಚ್ಛಿಕಕ್ಕೆ "ಚೀಟಿ ಎತ್ತಿದ ಹಾಗೆ, ಯಾರು ಯಾವ ಗುಂಪಿಗೆ ಎಂದು ವೈದ್ಯರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ" ಎಂದು ಬರೆದೆ. ಎಲ್ಲರೂ ತಲೆದೂಗಿದರು. ನನಗೂ ಹೆಮ್ಮೆಯಾಯಿತು.

ನಿಮ್ಮ ಮುಂದೆ ಯಾವ ಅಧ್ಯಯನದ ಒಪ್ಪಿಗೆ ಪತ್ರ ಬಂದರೂ ಕೆಲವನ್ನು ಹುಡುಕಿ ನೋಡಿ. ಹೊಸ ಔಷಧಿಗಳ ಪರೀಕ್ಷೆಗೆ 2019ರ ನಿಯಮಗಳಿವೆ. ಔಷಧಿಯಲ್ಲದ ನಮ್ಮಂಥ ಅಧ್ಯಯನಗಳಿಗೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ ಅನ್ವಯಿಸುತ್ತದೆ. ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಬಂದರೆ ಚಿಕಿತ್ಸೆಗೆ ಧಕ್ಕೆಯಿಲ್ಲ ಎಂದು ಬರೆದಿರಬೇಕು. ಅಧ್ಯಯನದಿಂದಲೇ ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ ಎಂದಿರಬೇಕು. ಓದಲು ಬಾರದವರಿದ್ದರೆ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಜೊತೆಗಿರಬೇಕು. ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಕೊಡದಿದ್ದರೆ ಕೇಳಿ ಪಡೆಯಿರಿ. ಸಿಟಿಆರ್‌ಐ ಎಂಬ, ದೇಶದಲ್ಲಿ ನಡೆಯುವ ವೈದ್ಯಕೀಯ ಪ್ರಯೋಗಗಳ ನೋಂದಣಿ 2007ರಿಂದ ಇದೆ. ಅದರ ಸಂಖ್ಯೆ ಕೊಟ್ಟರೆ ಮೊಮ್ಮಕ್ಕಳ ಮೊಬೈಲಿನಲ್ಲೂ ಆ ಅಧ್ಯಯನದ ವಿವರ ದುಡ್ಡಿಲ್ಲದೆ ನೋಡಬಹುದು.

ತಿದ್ದಿದ ಪತ್ರ ನೇರವಾಗಿ ಬಳಕೆಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಪದ ಬದಲಾದರೂ ಅದು ಮತ್ತೆ ನೈತಿಕ ಸಮಿತಿಯ, ಅಂದರೆ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ಸಂಶೋಧನೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವವರ, ಮುಂದೆ ಹೋಗಬೇಕು. ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಇರುತ್ತಾರೆ, ಕಾನೂನು ತಿಳಿದವರೂ ಇರುತ್ತಾರೆ. ಸಂಕ್ರಾಂತಿಗೆ ಹೋದದ್ದು ಯುಗಾದಿಗೆ ಬಂತು. ಕಾಯುತ್ತ ಕುಳಿತಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೆ ನನ್ನ ಒಂದು ವಾಕ್ಯವನ್ನು ಅವರು ವಾಪಸು ಕಳಿಸಿದ್ದರು. "ಈ ಪಟ್ಟಿ ಕಟ್ಟಿಕೊಂಡರೆ ನಡಿಗೆ ಸಲೀಸಾಗುತ್ತದೆ" ಎಂದು ನಾನೇ ಬರೆದುಬಿಟ್ಟಿದ್ದೆ. ಸಲೀಸಾಗುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ಅಲ್ಲವೇ ಈ ಅಧ್ಯಯನ ಎಂದು ಅಂಚಿನಲ್ಲಿ ಬರೆದಿದ್ದರು. ವಿದ್ಯಾರ್ಥಿಗಳ ಪ್ರಬಂಧಕ್ಕೆ ನಾನು ಹಾಕುತ್ತಿದ್ದ ಟಿಪ್ಪಣಿಯ ಧಾಟಿಯೇ.

ಈ ನಡುವೆ ಮೂರನೆಯ ಸಭೆ ಬೆಂಗಳೂರಿನಲ್ಲಿ ಎಂದರು. ಉಪಕರಣ ಮಾಡಿದ ಎಂಜಿನಿಯರುಗಳು ಅಲ್ಲಿದ್ದಾರೆ. ಸುಮಾರು 260 ಕಿಲೋಮೀಟರು, ಹೋಗಿ ಬರಲು ನನಗೆ ಎರಡು ದಿನ, ಸುಧಾರಿಸಿಕೊಳ್ಳಲು ಮೂರು ದಿನ. "ಅವರೇ ಬರಲಿ" ಎಂದೆ. ಇದನ್ನು ಹೇಳಲು ನನಗೆ ಒಂದು ವಾರ ಬೇಕಾಯಿತು. ನಾಲ್ಕು ಹುಡುಗರು ಬಂದರು, ಅದೂ ನಮ್ಮ ಮನೆಗೇ.

ಅದುವರೆಗೆ ಅವರು ಪಟ್ಟಿಯನ್ನು ಪರೀಕ್ಷಿಸಿದ್ದು ತಮ್ಮ ಕಚೇರಿಯ ಉದ್ದನೆಯ ಓಣಿಯಲ್ಲಿ. ಅಲ್ಲಿ ಹೊಸ್ತಿಲಿಲ್ಲ. ನನ್ನ ಕಾಲು ಹೂತುಕೊಳ್ಳುವುದು ಹೊಸ್ತಿಲ ಮುಂದೆಯೇ. ನಡುಮನೆಯಿಂದ ಅಡುಗೆಮನೆಗೆ ಹೋಗುವಲ್ಲಿ ನಿಂತುಬಿಟ್ಟೆ. ಸೊಂಟದ ಪೆಟ್ಟಿಗೆ "ಟಿಕ್ ಟಿಕ್" ಎನ್ನತೊಡಗಿತು, ಆದರೆ ನಾಲ್ಕು ಸೆಕೆಂಡು ತಡವಾಗಿ. ಆಗಲೇ ಗಾಬರಿ ಹತ್ತಿರುತ್ತದೆ. ಹುಡುಗರು ಮೊಬೈಲಿನಲ್ಲಿ ಏನೋ ಬರೆದುಕೊಂಡರು. "ಹಾಗಾದರೆ ನೀವು ದಿನಾ ಹೇಗೆ ದಾಟುತ್ತೀರಿ ಅಮ್ಮಾ?" ಎಂದು ಒಬ್ಬ ಕೇಳಿದ. ಅದುವರೆಗೆ ಯಾರೂ ಕೇಳಿರಲಿಲ್ಲ. ಬಾಗಿಲ ಹೊರಗೆ ಕರೆದುಕೊಂಡು ಹೋಗಿ ತೋರಿಸಿದೆ. ಬೆಳಿಗ್ಗೆ ಕೆಲಸದವಳು ಹಾಕಿದ ಎಳೆ ರಂಗೋಲಿ ಅಲ್ಲಿತ್ತು. ಅದನ್ನು ತುಳಿಯಬಾರದು ಎಂದು ಹುಟ್ಟಿದಾಗಿನಿಂದ ಕಾಲಿಗೆ ಗೊತ್ತು. ಗೆರೆ ಕಂಡರೆ ಕಾಲು ತಾನಾಗಿ ಎದ್ದು ಆಚೆ ಬೀಳುತ್ತದೆ. ಹಾಗಾಗಿ ಅಡುಗೆಮನೆಯ ಹೊಸ್ತಿಲ ಈಚೆಗೂ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದುಕೊಂಡಿದ್ದೇನೆ. ಶಾಲೆಯಿಂದ ತಂದ ಡಬ್ಬಿಯಲ್ಲಿ ಸೀಮೆಸುಣ್ಣ ಇನ್ನೂ ಮುಗಿದಿಲ್ಲ. ಹುಡುಗರು ಬಗ್ಗಿ ಆ ಗೆರೆಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದರು.

ಹರಿಹರದವರು ಅಂದು ಬಂದಿದ್ದರು. ಭಜನಾ ಮಂಡಳಿಯಲ್ಲಿ ತಾಳ ಹಾಕುತ್ತಿದ್ದವರು. ಆ ಟಿಕ್ ಟಿಕ್ ಕೇಳಿ, "ಇದು ಗಡಿಯಾರ, ತಾಳವಲ್ಲ. ಗಡಿಯಾರಕ್ಕೆ ಯಾರು ಹೆಜ್ಜೆ ಹಾಕುತ್ತಾರೆ?" ಎಂದು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಬಡಿಯುವಾಗ ಅವರ ಕೈ ನಡುಗಲಿಲ್ಲ. ಹುಡುಗರು ಅದನ್ನು ಧ್ವನಿಮುದ್ರಿಸಿಕೊಂಡರು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಮ್ಮ ಊರಿನ ರಸ್ತೆಯಲ್ಲಿ ಹೊರಟರೆ ಆಟೊ ಬಂದದ್ದೂ ತಿಳಿಯುವುದಿಲ್ಲ, ಒಂದೇ ಕಿವಿಗೆ ಇರಲಿ ಎಂಬುದು ಜಗಳೂರಿನ ಹುಡುಗನ ಮಾತು. ಶುರುಮಾಡುವ ಗುಂಡಿ ನಡುಗುವ ಬೆರಳಿಗೆ ಎರಡು ಸಲ ಒತ್ತಿಕೊಂಡು ಶುರುವಾದದ್ದು ಅಲ್ಲಿಯೇ ನಿಂತುಹೋಗುತ್ತದೆ ಎಂಬುದನ್ನು ಅವರು ನಮ್ಮ ಕಣ್ಣೆದುರೇ ನೋಡಿದರು.

ನಾಲ್ಕನೆಯ ಸಭೆಗೆ ಹರಿಹರದವರ ಕುರ್ಚಿ ಖಾಲಿ ಇತ್ತು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮೊದಲ ದಿನ ಅವರು ಹೇಳಿದ್ದ "ಬೀಳುವ ಹೆದರಿಕೆ" ಟಿಪ್ಪಣಿಯಲ್ಲಿ ಮೊದಲ ಸಾಲಾಗಿ ಹಾಗೆಯೇ ಇತ್ತು. ಸಭೆ ಮುಂದುವರಿಯಿತು. ಹೊಸ ಆವೃತ್ತಿಯಲ್ಲಿ ಮೂರು ಬಗೆಯ ತಾಳಗಳಿದ್ದವು, ಒಂದು ಅವರದು. ಅದನ್ನು ಕೇಳಿಸಿದಾಗ ತೋಟದವರ ಹೆಂಡತಿ ಎದ್ದು ಹೊರಗೆ ಹೋದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಆಟೊ ಹೋಗಿ ಬರಲು ಪ್ರತಿ ಸಲ 160, ಮೂರು ಸಭೆಗೆ 480, ಬ್ಯಾಂಕಿಗೆ ಎರಡು ಸಲ ಹೋಗಿ ಬಂದದ್ದು 320, ಜೆರಾಕ್ಸ್, ಭಾವಚಿತ್ರ, ಅಂಚೆ ಸೇರಿ 410. ಒಟ್ಟು 1,210 ರೂಪಾಯಿ. ಪ್ರಯಾಣದ ದುಡ್ಡು ಬೇರೆಯಾಗಿ ಕೊಡುತ್ತೇವೆ ಎಂದಿದ್ದರು, ಆದರೆ ಅದಕ್ಕೆ ಮೂಲ ರಸೀದಿ ಬೇಕು. ಆಟೊದವರು ರಸೀದಿ ಕೊಡುತ್ತಾರೆಯೇ? ಬಿಳಿ ಹಾಳೆಯಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ಬರೆದು ಸಹಿ ಹಾಕಿದರೆ ಒಪ್ಪುತ್ತೇವೆ ಎಂದು ನಾಲ್ಕು ತಿಂಗಳ ಮೇಲೆ ಹೇಳಿದರು. ಮೊದಲ ದಿನವೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಜೊತೆಗೆ ಬರುವವರ ಖರ್ಚು, ಅವರ ದಿನಗೂಲಿ ಯಾರು ಕೊಡುತ್ತಾರೆ ಎಂಬುದನ್ನೂ ಕೇಳಿ. ಜಗಳೂರಿನ ಹುಡುಗ ಪ್ರತಿ ಸಭೆಗೆ ಒಂದು ದಿನದ ಕೂಲಿ ಬಿಟ್ಟು ಬರುತ್ತಿದ್ದ. ಎರಡನೆಯ ಸಭೆಯವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ, ನನ್ನ ಗಮನಕ್ಕೂ.

ಇನ್ನು ಗುರುವಾರದ್ದು. ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳುವುದು ಶುರುವಾಗಿದೆ. ತಪಾಸಣೆಗೆಂದು ಹೋಗಿದ್ದ ನನ್ನನ್ನು ಸಂಯೋಜಕಿ ಕರೆದಳು. ಹೊನ್ನಾಳಿ ಕಡೆಯ ಒಬ್ಬ ಅಜ್ಜಿ, ಜೊತೆಗೆ ಮಗ. ನಾನು ಪಕ್ಕದಲ್ಲಿ ಕೂರಬಹುದೇ ಎಂದು ಅಜ್ಜಿಯನ್ನು ಕೇಳಿದರು. "ಕೂರಲಿ ಬಿಡು, ನನ್ನ ಹಾಗೆಯೇ ಇದ್ದಾಳೆ" ಎಂದಿತು ಅಜ್ಜಿ, ನನ್ನ ಕೈ ನೋಡಿ. ಹುಡುಗಿ ಪತ್ರವನ್ನು ಓದುತ್ತ ಹೋದಳು. ನನ್ನ ವಾಕ್ಯಗಳನ್ನು ಬೇರೆಯವರ ಬಾಯಲ್ಲಿ ಕೇಳುತ್ತ ಕುಳಿತೆ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. "ಚೀಟಿ ಎತ್ತಿದ ಹಾಗೆ" ಎಂಬಲ್ಲಿ ಕೈ ಎತ್ತಿ ನಿಲ್ಲಿಸಿತು.

"ಯಾವ ಚೀಟಿ ಬಂದರೆ ಒಳ್ಳೆಯದು, ತಾಯಿ?"

ಹುಡುಗಿ ನನ್ನ ಮುಖ ನೋಡಿದಳು. ನಮ್ಮ ಕಡೆ ಚೀಟಿ ಎಂದರೆ ದುಡ್ಡಿನ ಚೀಟಿಯೂ ಹೌದು. ಹೆಸರು ಬಂದವರಿಗೆ ದುಡ್ಡು, ಬರದವರಿಗೆ ಇನ್ನೊಂದು ತಿಂಗಳು. ಯಾವುದು ಒಳ್ಳೆಯದೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಈ ಅಧ್ಯಯನ ಎಂದು ನಾನು ಹೇಳಲು ಹೊರಟೆ. ದನಿ ಏಳಲಿಲ್ಲ, ಹನ್ನೆರಡೂಮುಕ್ಕಾಲು ಆಗಿತ್ತು. ಹುಡುಗಿಯೇ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಒಂದರಲ್ಲಿ ಮೊಬೈಲು ಇದೆ, ಇನ್ನೊಂದರಲ್ಲಿ ಇಲ್ಲ ಅಂದೆಯಲ್ಲ" ಎಂದಿತು. ಆಮೇಲೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲಕ್ಕೆ ತುರುಕಿ, ಮಗಳನ್ನು ಕೇಳಿ ಹೇಳುತ್ತೇನೆಂದು ಎದ್ದಿತು.

ಐದನೆಯ ಸಭೆ 14ನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಪುಸ್ತಕದಲ್ಲಿ "ಚೀಟಿ ಬೇಡ, ಬೇರೆ ಮಾತು ಹುಡುಕಬೇಕು" ಎಂದು ಬರೆದುಕೊಂಡಿದ್ದೇನೆ. "ಹುಡುಕಬೇಕು" ಎಂಬುದು ನನಗೇ ಓದಲಾಗುತ್ತಿಲ್ಲ.